ಚೀಟಿಯಲ್ಲಿ ಬರೆಯದಿದ್ದುದನ್ನೂ ನೋಡಿದವರು

ಸ್ಕ್ಯಾನಿಂಗ್ ವಿಭಾಗದಲ್ಲಿ ಯಂತ್ರವನ್ನು ಬಲ್ಲ ವೈದ್ಯರು ಹಲವರಿದ್ದಾರೆ. ಆದರೆ ಮಲಗಿದ ಮನುಷ್ಯ ತಾನೇ ಅರಿಯದ ಅಪಾಯವನ್ನು ಅವನ ಹೊಟ್ಟೆಯೊಳಗಿಂದ ಹುಡುಕಿ ತೆಗೆಯುವವರು ವಿರಳ. ಅಂಥ ವಿರಳರಲ್ಲಿ ಅಗ್ರಗಣ್ಯರಾದ, ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ನಮ್ಮ ಗುರುಗಳ ಕುರಿತು ಈ ಬೀಳ್ಕೊಡುಗೆ ಸಂಪುಟಕ್ಕೆ ನಾಲ್ಕು ಸಿಹಿ ಮಾತು ಬರೆದುಕೊಡಿ ಎಂದು ಆಸ್ಪತ್ರೆಯ ಆಡಳಿತಾಧಿಕಾರಿಗಳು ಕೇಳಿದ್ದಾರೆ. ಸಿಹಿ ನನ್ನಲ್ಲಿ ಉಳಿದಿಲ್ಲ.

ಸೇವೆಗೆ ಸೇರಿದಂದಿನಿಂದಲೂ ಅವರಿಗೊಂದು ರೂಢಿ. ಕಳಿಸಿದ ವೈದ್ಯರ ಚೀಟಿಯಲ್ಲಿ ಪಿತ್ತಕೋಶವೆಂದಿರಲಿ, ಮೂತ್ರಪಿಂಡವೆಂದಿರಲಿ, ಅರವತ್ತು ದಾಟಿದ ಗಂಡಸು ಬಂದರೆ ಕೇಳಿದ್ದನ್ನು ನೋಡಿ ಮುಗಿಸಿ, ಹೊಟ್ಟೆಯ ನಡುವೆ ಇಳಿಯುವ ದೊಡ್ಡ ರಕ್ತನಾಳವನ್ನೂ, ಅಂದರೆ ಮಹಾಪಧಮನಿಯನ್ನೂ ಅಳೆಯುತ್ತಿದ್ದರು. ಸಹೋದ್ಯೋಗಿಗಳು 'ಟೇಪು ಮೇಡಂ' ಎಂದು ಹಲ್ಲು ಕಿರಿದರು. ಹೊಗೆ, ಏರಿದ ರಕ್ತದೊತ್ತಡ, ವಯಸ್ಸು, ವಂಶ ಇವೆಲ್ಲ ಸೇರಿ ಆ ನಾಳದ ಗೋಡೆಯ ಎಳೆಗಳನ್ನು ಹೇಗೆ ತಿಂದುಹಾಕುತ್ತವೆಂದು ನಮಗೆ ಕಲಿಸಿದವರು ಅವರೇ. ಎರಡು ಸೆಂಟಿಮೀಟರ್ ಅಗಲದ ನಾಳ ವರ್ಷಗಳು ಉರುಳಿದಂತೆ ಮೂರಾಗುತ್ತದೆ, ನಾಲ್ಕಾಗುತ್ತದೆ. ಸವೆದ ಸೈಕಲ್ ಟ್ಯೂಬಿನಂತೆ ಒಂದೇ ಕಡೆ ಉಬ್ಬುತ್ತದೆ, ಉಬ್ಬಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚಿ ಇನ್ನೂ ಬೇಗ ಉಬ್ಬುತ್ತದೆ. ಹೆಚ್ಚಿನವರಿಗೆ ನೋವೂ ಇಲ್ಲ, ಸುಳಿವೂ ಇಲ್ಲ. ಒಡೆದ ಮೇಲೆ ಬಹುಪಾಲು ಮಂದಿ ಉಳಿಯುವುದಿಲ್ಲ.

ಏಳು ವರ್ಷಗಳ ಹಿಂದೆ ಆಡಳಿತದಿಂದ ಸುತ್ತೋಲೆ ಬಂತು: ಚೀಟಿಯಲ್ಲಿ ಕೇಳಿದಷ್ಟನ್ನೇ ನೋಡತಕ್ಕದ್ದು, ಒಬ್ಬರಿಗೆ ಎಂಟು ನಿಮಿಷ. ಗುರುಗಳು ಅದನ್ನು ಓದಿ, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿ ಇಟ್ಟರು. ನಾನು ಪಾಲಿಸಿದೆ.

ಆ ತಿಂಗಳೇ ನನ್ನ ದೊಡ್ಡ ಸೋದರಮಾವ ಬೆನ್ನುನೋವೆಂದು ಬಂದರು. ಅರವತ್ತು ದಾಟಿದವರು, ಬಸ್ ಓಡಿಸುತ್ತ ದಿನಕ್ಕೊಂದು ಪ್ಯಾಕು ಸಿಗರೇಟು ಸುಟ್ಟವರು. ಮೂತ್ರಪಿಂಡದಲ್ಲಿ ಕಲ್ಲಿದೆಯೇ ನೋಡಿ ಎಂದು ಚೀಟಿ. ಕಲ್ಲಿರಲಿಲ್ಲ.

"ಏನೂ ಇಲ್ಲ ಮಾವ, ಆರಾಮಾಗಿ ಮನೆಗೆ ಹೋಗಿ," ಎಂದೆ.

"ನೀನೇ ನೋಡಿದ್ಮೇಲೆ ಇನ್ನೇನು ಬಿಡು," ಎಂದು ಬೆನ್ನು ತಟ್ಟಿ ಹೋದರು.

ಹನ್ನೊಂದನೆಯ ದಿನ ನಾಳ ಒಡೆದು ಬಚ್ಚಲಲ್ಲಿ ಕುಸಿದು ತೀರಿಕೊಂಡರು. ಅಂದು ನನ್ನ ಕೈ ನಾಲ್ಕು ಬೆರಳಷ್ಟು ಹೊಟ್ಟೆಯ ನಡುವಿಗೆ ಸರಿದಿದ್ದರೆ ಸಾಕಿತ್ತು. ಎಂಟು ನಿಮಿಷದಲ್ಲಿ ಇನ್ನೂ ಮೂರು ಉಳಿದಿದ್ದವು! ಆ ಸುತ್ತೋಲೆಯನ್ನೂ ಅದಕ್ಕೆ ತಲೆಯಾಡಿಸಿದ ನನ್ನನ್ನೂ ನಾನು ಇಂದಿಗೂ ಕ್ಷಮಿಸಿಲ್ಲ.

ಗುರುಗಳು ಸಮಾಧಾನ ಹೇಳಲಿಲ್ಲ. "ತಪ್ಪು ನಿಂದೇ. ಅಳೋದು ಆಮೇಲೆ. ಇದು ವಂಶದಲ್ಲೂ ಬರುತ್ತೆ, ನಿಮ್ಮ ಚಿಕ್ಕ ಮಾವನ್ನ ನಾಳೇನೇ ಕರ್ಕೊಂಡು ಬಾ," ಎಂದರು. ಚಿಕ್ಕ ಮಾವನ ನಾಳ ಐದೂವರೆ ಸೆಂಟಿಮೀಟರ್ ದಾಟಿತ್ತು. ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಐದು ಗಂಟೆ ಗುರುಗಳು ನನ್ನಮ್ಮನ ಪಕ್ಕ ಬೆಂಚಿನ ಮೇಲೆ ಕುಳಿತರು. ಆ ಮಾವ ಸಿಗರೇಟು ಬಿಡಿಸಿದಳೆಂದು ಈಗಲೂ ನನ್ನ ಮೇಲೆ ರೇಗುತ್ತಾರೆ; ರೇಗಲಿ, ಬದುಕಿದ್ದಾರೆ.

ಇದಕ್ಕೆಲ್ಲ ಗುರುಗಳಿಗೆ ಸಂದದ್ದು ಮೂರು ನೋಟಿಸು, ತಡೆಹಿಡಿದ ಬಡ್ತಿ. ಅವನ್ನು ಕಳಿಸಿದ ಕೈಗಳೇ ಇಂದು ಈ ಸಂಪುಟ ಹೊರತರುತ್ತಿವೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ.

ಗುರುಗಳು ನೂರ್ಕಾಲ ಬಾಳಲಿ. ಬಸ್ ಡಿಪೋಗಳಿಗೇ ಹೋಗಿ ಚಾಲಕರನ್ನು ಪರೀಕ್ಷಿಸಲು ಹೊರಟಿರುವ ಅವರ ಕೈಗೆ ಬಲ ಬರಲಿ. ಸೋಮವಾರದಿಂದ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ, ಅವರಂತೆಯೇ ಅಳೆಯುತ್ತೇನೆ. ಮಾನ್ಯ ಆಡಳಿತಾಧಿಕಾರಿಗಳೇ, ತಮಗೀಗ ಅರವತ್ತೈದು. ಹಿಂದಿನ ಮೆಟ್ಟಿಲಲ್ಲಿ ತಾವು ಸೇದುವುದು ಇಡೀ ಆಸ್ಪತ್ರೆಗೆ ಗೊತ್ತು. ಮೊದಲು ತಾವೇ ಬಂದು ಮಲಗಿ.