ಬ್ರಷ್ ಅಕ್ಕ ತೊಳೆದ ಗೋಡೆ

ಆ ಬೀದಿಯಲ್ಲಿ ಬ್ರಷ್ ಅಕ್ಕ ಅಂದರೆ ಗೊತ್ತಿಲ್ಲದವರಿಲ್ಲ. ಹಳೆಯ ಕಟ್ಟಡಗಳ ಗೋಡೆ ಉಜ್ಜುವುದು ಅವಳ ಕಸುಬು. ತಂತಿ ಬ್ರಷ್ಷು, ಆಸಿಡ್ಡಿನ ಕ್ಯಾನು, ಒಂದು ಜೊತೆ ರಬ್ಬರ್ ಬೂಟು, ಮೂವತ್ತು ವರ್ಷದಿಂದ ಇಷ್ಟೇ ಅವಳ ಆಸ್ತಿ. ಅವಳು ಕೈ ಹಾಕಿದ ಇಟ್ಟಿಗೆ ನಿನ್ನೆ ತಾನೇ ಗೂಡಿನಿಂದ ತೆಗೆದಂತೆ ಕಾಣಬೇಕು, ಇಲ್ಲವಾದರೆ ಊಟ ಸೇರದು. ಮನೆಯಲ್ಲೂ ಅದೇ ಗೋಳು. ಗಂಡ ಬದುಕಿದ್ದಾಗ, "ಒಂದಿನ ನನ್ನನ್ನೂ ಉಜ್ಜಿ ಬಿಸಿಲಿಗೆ ಹಾಕ್ತಾಳೆ, ನೋಡ್ತಾ ಇರಿ" ಅಂತ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಈ ಚೊಕ್ಕತನದ ಹುಚ್ಚು ಎಲ್ಲಿಂದ ಹತ್ತಿತು ಅಂತ ಬಾಯಿಬಿಟ್ಟರೆ ಅವಳಿಗೆ ಸಿಟ್ಟು ಬರುತ್ತದೆ. ಬಂದರೆ ಬರಲಿ, ಹೇಳಿಯೇಬಿಡೋಣ.

ಅದು ಎಲ್ಲೆಲ್ಲಿಂದಲೋ ವಲಸೆ ಬಂದವರ ಬೀದಿ. ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕು ಭಾಷೆಯ ಜಗಳ ಕಿವಿಗೆ ಬೀಳುತ್ತಿತ್ತು. ಅಷ್ಟೂ ಮನೆಗಳಿಗೆ ಅನ್ನ ಹಾಕಿದ್ದು ಬೀದಿಯ ತುದಿಯ ಬಣ್ಣದ ಕಾರ್ಖಾನೆ, ನೂಲನ್ನು ಬಣ್ಣದಲ್ಲಿ ಅದ್ದುವ ಜಾಗ. ಬ್ರಷ್ ಅಕ್ಕನ ಅಮ್ಮ ಅಲ್ಲಿ ನೀಲಿ ತೊಟ್ಟಿಯ ಕೆಲಸದವಳು. ಕೈ ಒರೆಸಿಕೊಳ್ಳಲು ಮಾಲೀಕರು ಒಂದು ಚಿಂದಿ ಬಟ್ಟೆಯನ್ನೂ ಕೊಡುತ್ತಿರಲಿಲ್ಲ. ಹೆಂಗಸರು ಪಾಳಿ ಮುಗಿಸಿ ಹೊರಡುವಾಗ ಬಾಗಿಲ ಪಕ್ಕದ ಗೋಡೆಗೇ ಅಂಗೈ ಒತ್ತಿ ಬಣ್ಣ ಇಳಿಸುತ್ತಿದ್ದರು. ಅದಕ್ಕೂ ಒಂದು ಕಟ್ಟಳೆಯಿತ್ತು. ಹೊಸಬಳು ಸೇರಿದರೆ ಹಿರಿಯಳೊಬ್ಬಳು ಅವಳ ಕೈ ಹಿಡಿದು, "ಇದು ನಿನ್ನ ಜಾಗ ಕಣೇ, ಬೇರೆಯವರ ಮೇಲೆ ಒತ್ತಬೇಡ" ಅಂತ ತೋರಿಸಿಕೊಡುತ್ತಿದ್ದಳು. ಹಾಗೆ ವರ್ಷಗಟ್ಟಲೆ ಒತ್ತಿ ಒತ್ತಿ ಗೋಡೆಯ ತುಂಬ ನೀಲಿ, ಕೆಂಪು, ಹಸಿರು ಕೈಗಳಾದವು. ಅಮ್ಮ ಕುಳ್ಳಿ. ಅವಳ ಕೈ ಎಲ್ಲರದಕ್ಕಿಂತ ಕೆಳಗೆ, ಬಾಗಿಲ ಚೌಕಟ್ಟಿಗೆ ಅಂಟಿಕೊಂಡಿತ್ತು.

ಗೋಡೆಗೆ ಎಷ್ಟು ಒತ್ತಿದರೂ ಅಮ್ಮನ ಉಗುರಿನ ಸಂದಿಯ ನೀಲಿ ಹೋಗುತ್ತಿರಲಿಲ್ಲ. ಶಾಲೆಯ ಮಕ್ಕಳು, "ನೀಲಿ ಕೈ, ಕೊಳಕು ಕೈ" ಅಂತ ಆಡಿಕೊಳ್ಳುತ್ತಿದ್ದರು. ಮಗಳಿಗೆ ಆಗ ಒಂಬತ್ತು ವರ್ಷ. ಒಂದು ದಿನ ಗೇಟಿನ ಹತ್ತಿರ ಟೀಚರ್, "ಕರ್ಕೊಂಡು ಹೋಗೋಕೆ ಬಂದಿದಾರಲ್ಲ, ಯಾರಮ್ಮಾ ಅವರು?" ಅಂದರು. ಹುಡುಗಿ ನೆಲ ನೋಡುತ್ತಾ, "ನಮ್ಮನೆ ಕೆಲಸದವಳು" ಅಂದುಬಿಟ್ಟಳು. ಅಮ್ಮ ಎರಡೇ ಹೆಜ್ಜೆ ಆಚೆಗಿದ್ದಳು. ಕೈಗಳನ್ನು ಶಾಲಿನೊಳಗೆ ಎಳೆದುಕೊಂಡು, "ಹೌದು ಟೀಚರ್, ಅವರ ಮನೇಲಿ ಕೆಲಸಕ್ಕಿದೀನಿ" ಅಂದಳು. ದಾರಿಯಲ್ಲಿ ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನದಿಂದ ಗೇಟು ಬಿಟ್ಟು ತಿರುವಿನ ಸೈಕಲ್ ಅಂಗಡಿಯ ಹತ್ತಿರ ಕಾಯತೊಡಗಿದಳು, ಅಷ್ಟೇ. ನಾಲ್ಕು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಐವತ್ತು ದಾಟಿದ ಮೇಲೂ ಆ ಗೇಟು ನೆನಪಾದರೆ ಬ್ರಷ್ ಅಕ್ಕ ಕೈಗೆ ಸಿಕ್ಕಿದ್ದನ್ನು ಉಜ್ಜತೊಡಗುತ್ತಾಳೆ.

ಕಾರ್ಖಾನೆ ಮುಚ್ಚಿ ಪಾರಿವಾಳಗಳ ಪಾಲಾಗಿ ಬಹಳ ಕಾಲವಾಯಿತು. ಈಗ ಅದನ್ನು ಕೆಡವದೆ ರಿಪೇರಿ ಮಾಡಿಸಿ, ಮೇಲೆ ಮನೆಗಳು, ಕೆಳಗೆ ಅಂಗಡಿ, ಕಾಫಿ ಹೋಟೆಲು ಮಾಡುವ ಕೆಲಸ ಶುರುವಾಗಿತ್ತು. ಗೋಡೆ ಉಜ್ಜುವುದು ಬ್ರಷ್ ಅಕ್ಕನ ಪಾಲಿಗೇ ಬಂತು. ಇಂಜಿನಿಯರಮ್ಮ ಚಿಕ್ಕ ವಯಸ್ಸಿನವಳು. ಮೊದಲ ದಿನವೇ ಹೇಳಿದಳು: "ಅಕ್ಕಾ, ಎಲ್ಲಾ ಉಜ್ಜಿ. ಬಾಗಿಲ ಹತ್ರ ಕೈಗಳಿವೆಯಲ್ಲ, ಆ ಗೋಡೆ ಮಾತ್ರ ಮುಟ್ಟಬೇಡಿ. ಗಾಜು ಹಾಕಿಸಿ ಉಳಿಸ್ಕೋತೀವಿ. ಭಾನುವಾರ ಹಳೇ ಕೆಲಸದವರು ನೋಡೋಕೆ ಬರ್ತಾರೆ."

ಬ್ರಷ್ ಅಕ್ಕ ತಲೆಯಾಡಿಸಿದಳು. ಒಳಗೊಳಗೇ ಬೈದುಕೊಂಡಳು. ಗಾಜಂತೆ ಗಾಜು! ನಮ್ಮ ಕೊಳೆಯನ್ನು ಪ್ರದರ್ಶನಕ್ಕಿಟ್ಟು, ಅದರ ಮುಂದೆ ಕೂತು ಕಂಡವರೆಲ್ಲ ಕಾಫಿ ಕುಡಿಯಬೇಕಾ? ನಾಲ್ಕು ದಿನ ಆ ಗೋಡೆಗೆ ಬೆನ್ನು ಹಾಕಿಯೇ ಕೆಲಸ ಮಾಡಿದಳು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಎಲ್ಲರೂ ಹೋದ ಮೇಲೆ ಕ್ಯಾನು ಎತ್ತಿಕೊಂಡಳು. ಮೇಲಿನಿಂದ ಉಜ್ಜುತ್ತಾ ಬಂದಳು. ಚೌಕಟ್ಟಿನ ಪಕ್ಕದ ಆ ಚಿಕ್ಕ ನೀಲಿ ಕೈ ಮಾತ್ರ ಹಟ ಮಾಡಿತು. ಮಂಡಿಯೂರಿ ಮೂರು ಸಲ ಉಜ್ಜಬೇಕಾಯಿತು. ಕೈಗವಸು ಹರಿದು ನೀಲಿ ನೀರು ಒಳಗೆ ನುಗ್ಗಿತು. ಅಮ್ಮನ ಮಾನ ಉಳಿಸಿದೆ ಅಂದುಕೊಂಡೇ ಮನೆಗೆ ಹೋದಳು.

ಭಾನುವಾರ ಬೆಳಿಗ್ಗೆ ಅವಳು ಒಳಗೆ ನೆಲ ಒರೆಸುತ್ತಿದ್ದಾಗ ಇಂಜಿನಿಯರಮ್ಮನ ಜೊತೆ ಏಳು ಮುದುಕಿಯರು ಬಂದರು. ಕೊನೆಯಲ್ಲಿ, ಮದುವೆಗೆ ಮಾತ್ರ ತೆಗೆಯುವ ಬೂದು ಕೋಟು ಹಾಕಿಕೊಂಡು, ತಮ್ಮನ ಮನೆಯಲ್ಲಿರುವ ಅಮ್ಮ! ಬ್ರಷ್ ಅಕ್ಕ ಒರೆಸುವುದು ನಿಲ್ಲಿಸಿ ಬಕೆಟ್ ಎತ್ತಿಕೊಂಡಳು.

ಬೋಳು ಗೋಡೆ ನೋಡಿ ಎಲ್ಲರೂ ನಿಂತಲ್ಲೇ ನಿಂತರು. "ಯಾವ ಮನೆಹಾಳರ ಕೆಲಸ ಇದು?" ಅಂತ ಒಬ್ಬಳು ಮುದುಕಿ ಕೂಗಿದಳು. ಇಂಜಿನಿಯರಮ್ಮ ಬ್ರಷ್ ಅಕ್ಕನತ್ತ ತಿರುಗಿದಳು. "ಅಕ್ಕಾ, ಯಾರು ತೊಳೆದಿದ್ದು ಇದನ್ನ? ಈ ಬೂದು ಕೋಟಿನ ಅಜ್ಜಿ ಹದಿನೈದು ದಿನದಿಂದ ದಿನಾ ಫೋನ್ ಮಾಡ್ತಿದ್ರು. ನನ್ನ ಕೈ ಕೆಳಗಡೆ ಚೌಕಟ್ಟಿನ ಪಕ್ಕ ಇದೆ, ಹೋಗಿಲ್ಲ ತಾನೇ ಅಂತ. ಮಗಳಿಗೆ ಮಾತ್ರ ಗೊತ್ತಾಗಬಾರದಮ್ಮ, ಅವಳಿಗೆ ನಾಚಿಕೆ ಆಗುತ್ತೆ ಅಂತಿದ್ರು."

ಬ್ರಷ್ ಅಕ್ಕನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅಮ್ಮ ಯಾರ ಮಾತಿಗೂ ಕಾಯದೆ ಚೌಕಟ್ಟನ್ನು ಸವರುತ್ತಾ ಬಾಗಿದಳು. ಅವಳ ಅಂಗೈ ಹುಡುಕದೆಯೇ ತನ್ನ ಜಾಗಕ್ಕೆ ಹೋಗಿ ಕೂತಿತು. ಆಮೇಲೆ ತಿರುಗಿ ಮಗಳನ್ನು ನೋಡಿದಳು, ಬಕೆಟ್ ಹಿಡಿದ ಅವಳ ಬೆರಳುಗಳನ್ನು ನೋಡಿದಳು. ಗುರುತೇ ಇಲ್ಲದವಳಂತೆ ಮುಖ ಆ ಕಡೆ ಮಾಡಿ, "ಬಿಡಮ್ಮ" ಅಂದಳು ಇಂಜಿನಿಯರಮ್ಮನಿಗೆ. "ಈ ಕೆಲಸದವರನ್ನ ಬೈಬೇಡ. ವಯಸ್ಸಾಯ್ತು ನನಗೆ, ನನ್ನ ಕೈ ಈ ಗೋಡೆ ಮೇಲೆ ಇರಲೇ ಇಲ್ವೇನೋ."

ಮತ್ತೆ ಅದೇ ಗೇಟು, ಅದೇ ಮಾತು. ಬ್ರಷ್ ಅಕ್ಕ ಬಕೆಟ್ ಕೆಳಗಿಟ್ಟಳು.

"ತೊಳೆದವಳು ನಾನು" ಅಂದಳು. "ಇವರು ನನ್ನ ಅಮ್ಮ." ಆಮೇಲೆ ಇನ್ನೂ ಜೋರಾಗಿ, ಇಡೀ ಕಾರ್ಖಾನೆಗೆ ಕೇಳುವಂತೆ ಹೇಳಿದಳು: "ಇವರು ನನ್ನ ಅಮ್ಮ!"

ಅಮ್ಮ ಸರಸರನೆ ಬಂದು ಅವಳ ಕೈ ಹಿಡಿದುಕೊಂಡಳು. ರಾತ್ರಿಯೆಲ್ಲ ಸೋಪು ಹಾಕಿ ಉಜ್ಜಿದರೂ ಹೋಗದ ನೀಲಿ ಆ ಉಗುರುಗಳ ಸಂದಿಯಲ್ಲಿತ್ತು. ಅವನ್ನು ತನ್ನ ಕೋಟಿನ ತೋಳಿನೊಳಗೆ ಮುಚ್ಚಿಕೊಂಡು, "ಸುಮ್ನಿರೇ" ಅಂದಳು ಮೆಲ್ಲಗೆ. "ಜನ ನೋಡ್ತಿದಾರೆ."