ದುರ್ಗಿ ಬಿಡದ ಕಡೇ ಸಾಲು

ಮಾವಳ್ಳಿಯ ದುರ್ಗಿ ಮೀನಿನ ಬುಟ್ಟಿ ಹೊತ್ತು ಐವತ್ತು ಮನೆ ತಿರುಗುವವಳು. ಅಕ್ಷರ ಬಾರದು. ಆದರೆ ಯಾರಿಗೆ ಬಂಗಡೆ ಇಷ್ಟ, ಯಾರು ಸೋಮವಾರ ಮೀನು ಮುಟ್ಟುವುದಿಲ್ಲ, ಎಲ್ಲ ಬಾಯಿಪಾಠ. ಒಮ್ಮೆ ಕಿವಿಗೆ ಬಿದ್ದದ್ದನ್ನು ಅವಳು ಮರೆತದ್ದೇ ಇಲ್ಲ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಮಗಳು ಸುಚಿತಾ ಕಾಲೇಜಿನ ಗೆಳತಿಯರ ಜೊತೆ ‘ಗಾಳ’ ಎಂಬ ಒಂದೇ ಹಾಳೆಯ ಪತ್ರಿಕೆ ಹೊರಡಿಸಿದಳು. ಕಾಲೇಜಿನ ಹುಡುಗಿಯರ ಶೌಚಾಲಯಕ್ಕೆ ಊರ ಮುಖಂಡರೊಬ್ಬರು ಮೂರು ಸಲ ಗುದ್ದಲಿ ಪೂಜೆ ಮಾಡಿದ್ದರು. ಗೋಡೆ ಮಾತ್ರ ಒಂದೂ ಎದ್ದಿರಲಿಲ್ಲ. ಅವಳು ಬರೆದದ್ದು ಅಷ್ಟೇ. ಮುಖಂಡರಿಗೆ ಮೈಯೆಲ್ಲ ಉರಿಯಿತು. ಕೈಗೆ ಸಿಕ್ಕ ಹಾಳೆಗಳನ್ನೆಲ್ಲ ಒಲೆಗೆ ಹಾಕಿ, ಆಮೇಲೆ ಠಾಣೆಗೆ ಹೋಗಿ, ‘ನನ್ನ ಮನೆಗೆ ಬೆಂಕಿ ಹಚ್ಚಿ ಅಂತ ಬರೆದಿದ್ದಾಳೆ’ ಎಂದು ದೂರು ಕೊಟ್ಟರು. ಗೆಳತಿಯರು ಹೆದರಿ ಉಳಿದ ಪ್ರತಿಗಳನ್ನು ಸಮುದ್ರಕ್ಕೆ ಎಸೆದರು. ಕೇಸು ಬಿದ್ದರೆ ಸುಚಿತಾ ಟೀಚರ್ ಆಗುವುದು ಅಲ್ಲಿಗೆ ಮುಗಿದಂತೆ.

ದುರ್ಗಿ ಬುಟ್ಟಿ ಸಮೇತ ಠಾಣೆಯ ಮೆಟ್ಟಿಲು ಹತ್ತಿದಳು.

“ಕಾಗ್ದ ಇಲ್ದಿದ್ರೆ ಎಂತ ಆತು ಸಾಹೇಬ್ರೆ? ಬರ್ದದ್ದನ್ನ ಮಗ್ಳು ಮೊದ್ಲು ಓದಿ ಹೇಳಿದ್ದು ನಂಗೆ. ಪೂರ್ತಿ ಹೇಳ್ತೆ, ಬರ್ಕಣಿ.”

ಎಸ್ಐ ಸಾಹೇಬರು ಬರೆದುಕೊಳ್ಳುವಂತೆ ಸನ್ನೆ ಮಾಡಿದರು. ಮೀನು ಕೂಗುವ ಗಂಟಲಿನಲ್ಲೇ ದುರ್ಗಿ ಒಪ್ಪಿಸಿದಳು. ಹವಾಲ್ದಾರ ಬೊಮ್ಮಯ್ಯ ಬೆವರು ಒರೆಸುತ್ತ ಬರೆದುಕೊಂಡ.

ಓದಲು ಬಾರದವರಿಗೆ ಹೇಳಿಕೆಯನ್ನು ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು. ಬೊಮ್ಮಯ್ಯ ಗಟ್ಟಿಯಾಗಿ ಓದಿದ: “ಮಹನೀಯರೆ, ನಿಮ್ಮ ಗುದ್ದಲಿ ಮೂರು ಸಲ ಬಂದು ಹೋಯಿತು. ಮುಂದಿನ ಸಲ ಜೊತೆಗೊಂದು ಇಟ್ಟಿಗೆಯನ್ನೂ ಕರೆತನ್ನಿ.” ಬಾಗಿಲಲ್ಲಿ ನಿಂತವರು ನಕ್ಕರು. ಸಾಹೇಬರು ಕೆಮ್ಮಿದರು.

ದುರ್ಗಿ ಮಾತ್ರ ಹೆಬ್ಬೆಟ್ಟು ಹಿಂದೆಳೆದುಕೊಂಡಳು. “ಹವಾಲ್ದಾರ್ರೆ, ಕಡೇ ಸಾಲು ನುಂಗಿದ್ರಿ.”

“ಅದು ಕೇಸಿಗೆ ಬೇಡ ದುರ್ಗಕ್ಕ.”

“ನಂಗೆ ಬೇಕು. ‘ನಾವು ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಒಂದು ಹನಿ ನೀರು ಕುಡಿಯದೆ ಕೂರುತ್ತೇವೆ.’ ಬರೀರಿ. ಇಲ್ದಿದ್ರೆ ಹೆಬ್ಬೆಟ್ಟಿಲ್ಲ.”

ನಗು ನಿಂತಿತು. ಬೊಮ್ಮಯ್ಯ ಬರೆದ. ಸಾಹೇಬರು ಹಾಳೆ ಎಳೆದುಕೊಂಡು ತಾವೇ ಓದಿದರು. “ಇದ್ರಲ್ಲಿ ಬೆಂಕಿ ಎಲ್ಲುಂಟು?” ಎಂದು ದೂರನ್ನು ಅಲ್ಲೇ ಮುಗಿಸಿದರು.

ದುರ್ಗಿ ಖುಷಿಯಿಂದ ಹೆಬ್ಬೆಟ್ಟಿಗೆ ಮಸಿ ಬಳಿದುಕೊಂಡಳು. ಮಸಿಯ ಡಬ್ಬಿ ಹಿಡಿದ ಬೊಮ್ಮಯ್ಯ ತಲೆ ಎತ್ತಲಿಲ್ಲ.

“ನನ್ನ ಮಗ್ಳೂ ಅಲ್ಲೇ ಕಲೀತದೆ ದುರ್ಗಕ್ಕ. ದಿನಾ ಬಾಟ್ಲಿ ತುಂಬ ನೀರು ಕೊಡ್ತೆ, ಸಂಜೆ ಹಾಂಗೇ ವಾಪಸ್ ತತ್ತದೆ. ಸೊಕ್ಕು ಅಂತ ಬೈತಿದ್ದೆ.”