ಅಪ್ಪನಿಗೆ ಬಂದ ವಾಕ್ಯವೂ ಅಕ್ಕನ ಮದುವೆಯೂ

ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಒಂದು ಸ್ಟೀಲಿನ ತಟ್ಟೆ ಬೆಂಚಿನಿಂದ ಬೆಂಚಿಗೆ ಬರುತ್ತದೆ. ಅದರಲ್ಲಿ ಸುರುಳಿ ಸುತ್ತಿದ ಚೀಟಿಗಳು, ಒಂದೊಂದರಲ್ಲಿ ಬೈಬಲಿನ ಒಂದೊಂದು ವಾಕ್ಯ. ಕಣ್ಣು ಮುಚ್ಚಿ ಎತ್ತಿಕೊಂಡದ್ದು ನಿಮ್ಮ ಆ ವರ್ಷದ ವಾಗ್ದಾನ. ಸಾಮಾನ್ಯವಾಗಿ ಎಲ್ಲರಿಗೂ ಒಳ್ಳೆಯದೇ ಬರುತ್ತದೆ: ದೇವರು ಕೈಬಿಡುವುದಿಲ್ಲ, ಕುರುಬನಂತೆ ಕಾಯುತ್ತಾನೆ, ಇತ್ಯಾದಿ. ಜನ ಚೀಟಿಯನ್ನು ಬೈಬಲಿನೊಳಗೆ ಇಟ್ಟು, ಮನೆಗೆ ಹೋಗಿ ಕೋಳಿ ಸುಕ್ಕ ತಿಂದು, ಮುಂದಿನ ಡಿಸೆಂಬರ್ ತನಕ ಅದನ್ನು ಮರೆತುಬಿಡುತ್ತಾರೆ. ಅದೇ ಸರಿಯಾದ ಕ್ರಮ. ನನ್ನ ಅಪ್ಪನಿಗೆ ಈ ಕ್ರಮ ಗೊತ್ತಿರಲಿಲ್ಲ.

ಅಪ್ಪ ಕಾಪು ಪೇಟೆಯಲ್ಲಿ ಟೈಲರ್. ಚೀಟಿಯಲ್ಲಿ ಬಂದದ್ದನ್ನು ಅವರು ಗಿರಾಕಿಯ ಅಳತೆಯ ಹಾಗೆ ತೆಗೆದುಕೊಳ್ಳುತ್ತಿದ್ದರು, ಅರ್ಧ ಇಂಚು ಆಚೀಚೆ ಆಗಬಾರದು. ಇರುವೆಯನ್ನು ನೋಡಿ ಬುದ್ಧಿ ಕಲಿಯಬೇಕೆಂಬ ವಾಕ್ಯ ಬಂದ ವರ್ಷ ನಮ್ಮ ಮನೆಯಲ್ಲಿ ಇರುವೆಗೆ ಯಾರೂ ಪುಡಿ ಹಾಕುವಂತಿರಲಿಲ್ಲ. ಗುರುಗಳನ್ನು ಕೊಲ್ಲುವುದುಂಟೇ? ಸಕ್ಕರೆ ಡಬ್ಬಿಯಲ್ಲಿ ಅವು ಸಂಸಾರ ಹೂಡಿದವು, ನಾವು ಚಹಾವನ್ನು ಸೋಸಿ ಕುಡಿದೆವು.

ಅಕ್ಕನ ಮದುವೆ ಆದದ್ದು ಅದಾದ ಮೇಲೆ, ತೊಂಬತ್ತರ ದಶಕ ಮುಗಿಯುತ್ತಿದ್ದಾಗ. ಆ ಸಲ ಅಚ್ಚು ಹಾಕಿಸಿದ ಚೀಟಿಗಳು ಸಮಯಕ್ಕೆ ಬರಲಿಲ್ಲವೆಂದು ಸಂಡೇ ಸ್ಕೂಲಿನ ಟೀಚರಮ್ಮ ಕೈಯಲ್ಲೇ ಬರೆದಿದ್ದರು. ಅವರು ವಾಗ್ದಾನಕ್ಕಿಂತ ಶಿಸ್ತಿನ ಕಡೆಯವರು. ಅಪ್ಪನ ಪಾಲಿಗೆ ಬಂದದ್ದು, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ, ಅದಕ್ಕಿಂತ ಹೆಚ್ಚಿನದೆಲ್ಲ ಕೇಡಿನಿಂದ ಬಂದದ್ದು ಎಂಬ ಅರ್ಥದ ವಾಕ್ಯ. ಅಂದಿನಿಂದ ಅಪ್ಪ ಯಾರು ಏನು ಕೇಳಿದರೂ ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರಿಸತೊಡಗಿದರು. ತುಂಬ ಯೋಚಿಸಿ ‘ಇಲ್ಲ’ವನ್ನೂ ಸೇರಿಸಿಕೊಂಡರು. ಅದು ಅವರ ಔದಾರ್ಯ.

ಟೈಲರ್ ಅಂಗಡಿ ನಡೆಯುವುದೇ ‘ನಾಳೆ ಬನ್ನಿ’ ಎಂಬ ಮಾತಿನ ಮೇಲೆ. ಗಿರಾಕಿಗಳು ಬಂದು, “ಬ್ಲೌಸು ನಾಳೆ ಸಿಗ್ತದಾ?” ಎಂದರೆ ಅಪ್ಪ, “ಇಲ್ಲ.”

“ಮತ್ತೆ ಯಾವಾಗ?”

ಅದು ಹೌದು, ಅಲ್ಲಗಳಲ್ಲಿ ಮುಗಿಯುವ ಪ್ರಶ್ನೆಯಲ್ಲ. ಗಿರಾಕಿಗಳೇ ಸೋಮವಾರವಾ, ಮಂಗಳವಾರವಾ ಎಂದು ವಾರವನ್ನೇ ಪಠಿಸಬೇಕು, ಸರಿಯಾದ ದಿನ ಬಂದಾಗ ಅಪ್ಪ ಹೌದು ಎನ್ನಬೇಕು. ಎರ್ಮಾಳಿನಿಂದ ಮೀನು ತರುತ್ತಿದ್ದ ಹೆಂಗಸು ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ ಅಮ್ಮನಿಗೆ, “ಇವತ್ತಿನದ್ದೇ ಬಂಗುಡೆ ಅಕ್ಕ, ಕಣ್ಣು ನೋಡಿ. ಅಲ್ವಾ ಅಣ್ಣ?” ಎಂದು ಸಾಕ್ಷಿಗೆ ಕರೆದಳು. “ಅಲ್ಲ” ಎಂದರು ಅಪ್ಪ. ಮರುದಿನದಿಂದ ಆಕೆ ಹಿತ್ತಿಲ ಬಾಗಿಲಿಗೆ ಬರತೊಡಗಿದಳು.

ಮೆಚ್ಚಿದವರೂ ಇದ್ದರು. ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆಯ ಕಡೆಯಿಂದ ಬಂದು ಕಾಪುವಿನಲ್ಲಿ ಬಿಡಾರ ಮಾಡಿದ್ದ ಮೇಸ್ತ್ರಿಯೊಬ್ಬ, “ಈ ಊರಾಗ ನಿಮ್ಮೊಬ್ಬರ ಮಾತs ನೋಡ್ರಿ ನಮಗ ತಿಳಿಯೂದು” ಎಂದು ತನ್ನವರ ಅಂಗಿಗಳನ್ನೆಲ್ಲ ನಮ್ಮ ಅಂಗಡಿಗೇ ತಂದ.

ಪ್ರಾರ್ಥನೆಗೆ ಮಾತ್ರ ಈ ಕಟ್ಟು ಇರಲಿಲ್ಲ, ಏಕೆಂದರೆ ದೇವರು ಪ್ರಶ್ನೆ ಕೇಳಿರಲಿಲ್ಲ. ಹಾಗಾಗಿ ಮನೆಯ ಸುದ್ದಿಯೆಲ್ಲ ನಮಗೆ ಸಂಜೆಯ ಪ್ರಾರ್ಥನೆಯಲ್ಲಿ ತಿಳಿಯುತ್ತಿತ್ತು. “ಕರ್ತನೇ, ಬಚ್ಚಲಿನ ಪೈಪು ಒಡೆದಿದೆ. ಮಗ ಕಾಲೇಜಿನಿಂದ ಬರುವಾಗ ಪ್ಲಂಬರಿಗೆ ಹೇಳಿಬರುವ ಬುದ್ಧಿಯನ್ನು ಅವನಿಗೆ ದಯಪಾಲಿಸು.” ನಾನು ಆಮೆನ್ ಎಂದು ಮರುದಿನ ಪ್ಲಂಬರಿಗೆ ಹೇಳಿಬರುತ್ತಿದ್ದೆ. ದೇವರ ಮೂಲಕ ನನಗೆ ಚಾಕರಿ ಹಚ್ಚುವ ಈ ಉಪಾಯಕ್ಕೆ ನನಗೆ ಸಿಟ್ಟು ಬರುತ್ತಿತ್ತು. ಆದರೆ ಎಲ್ಲರೂ ಮೊಣಕಾಲೂರಿದಾಗ ಜಗಳ ಮಾಡುವುದು ಹೇಗೆ?

ಇದರ ನಡುವೆ ಅಕ್ಕನನ್ನು ನೋಡಲು ಕಾರ್ಕಳದಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ನೋಡಲು ಎಂಬುದು ನೆಪ. ಅಕ್ಕ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್, ಹುಡುಗ ಅಲ್ಲೇ ಲ್ಯಾಬಿನಲ್ಲಿದ್ದ. ಇಬ್ಬರೂ ಆಗಲೇ ನೋಡಿಯಾಗಿತ್ತು. ಇವನಲ್ಲದೆ ಬೇರೆಯವನನ್ನು ಮದುವೆಯಾಗುವುದಿಲ್ಲ ಎಂದು ಅಕ್ಕ ಅಮ್ಮನಿಗೆ ಹೇಳಿಬಿಟ್ಟಿದ್ದಳು. ಹುಡುಗನ ತಂದೆಗೆ, ನಿವೃತ್ತ ಹೆಡ್‌ಮಾಸ್ಟರಿಗೆ, ಟೈಲರನ ಮಗಳೆಂದು ಮನಸ್ಸಿರಲಿಲ್ಲ. ಮಗನ ಕಾಟಕ್ಕೆ ಹೊರಟಿದ್ದರು. “ಆ ಒಂದು ದಿನ ಸ್ವಲ್ಪ ಹೆಚ್ಚು ಮಾತಾಡಿ, ನಿಮ್ಮ ದಮ್ಮಯ್ಯ” ಎಂದು ಅಕ್ಕ ಅಪ್ಪನ ಕಾಲು ಹಿಡಿಯುವುದೊಂದು ಬಾಕಿ. ಅಪ್ಪ, “ಇಲ್ಲ” ಎಂದರು. ಅಂದಿನಿಂದ ಅಕ್ಕ ಅಪ್ಪನ ಹತ್ತಿರ ಮಾತು ಬಿಟ್ಟಳು.

ಹಿರಿಯಡ್ಕದ ದಾರಿಯಾಗಿ, ಮಣಿಪಾಲದಲ್ಲಿ ಹುಡುಗನನ್ನೂ ಹತ್ತಿಸಿಕೊಂಡು, ಬಾಡಿಗೆಯ ಓಮ್ನಿಯಲ್ಲಿ ಅವರು ಬಂದರು. ಗೋಳಿಬಜೆ, ಚಹಾ ಆಯಿತು. ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು, “ಹುಡುಗಿಗೆ ಅಡುಗೆ ಎಲ್ಲ ಬರ್ತದಲ್ಲ?” ಎಂದರು.

“ಇಲ್ಲ,” ಅಪ್ಪ.

ಅಮ್ಮ ಕೆಮ್ಮಿದಳು. ಹೆಡ್‌ಮಾಸ್ಟರು ನಕ್ಕು, “ತಮಾಷೆ ಮಾಡ್ತೀರಿ ನೀವು” ಎಂದರು.

“ಅಲ್ಲ.”

“ಹುಡುಗಿಗೆ ಕೋಪ ಗೀಪ ಎಂತ ಇಲ್ಲ, ಅಲ್ವಾ?”

“ಉಂಟು” ಎಂಬುದು ಅಪ್ಪನ ಪಟ್ಟಿಯಲ್ಲಿರಲಿಲ್ಲ. ಅವರು ಸ್ವಲ್ಪ ತಡವರಿಸಿ, “ಅಲ್ಲ” ಎಂದರು. ಅದರ ಅರ್ಥ ಏನೆಂದು ಯಾರಿಗೂ ತಿಳಿಯದಿದ್ದರೆ ಎಂದೋ ಏನೋ, ಒಳಕೋಣೆಯ ಕಡೆ ನೋಡಿದರು. ಅಲ್ಲಿ ಅಕ್ಕ ಒಂದು ಪಾತ್ರೆಯನ್ನು ನೆಲಕ್ಕೆ ಕುಕ್ಕಿದ ಸದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಹೆಡ್‌ಮಾಸ್ಟರು ಎದ್ದರು. ಚಪ್ಪಲಿ ಹಾಕಿಕೊಳ್ಳುತ್ತ, “ಆಯ್ತು, ನೋಡುವ” ಎಂದರು. ನಮ್ಮ ಕಡೆ ‘ನೋಡುವ’ ಎಂದರೆ ಮುಗಿಯಿತು. ಇಲ್ಲ ಎಂದು ಮುಖದೆದುರು ಹೇಳುವ ಒರಟುತನ ನಮ್ಮ ಜನರಲ್ಲಿಲ್ಲ. ನೋಡುವ ಎಂದು ಹೇಳಿ, ಮತ್ತೆ ಎಂದೂ ನೋಡದೇ ಇರುವುದು ಇಲ್ಲಿನ ಮರ್ಯಾದೆ. ಕೇಳಿದವರೂ ‘ಹಾಂ, ನೋಡುವ’ ಎಂದು ನಗುತ್ತ ಗೇಟಿನ ತನಕ ಹೋಗಿ ಬರಬೇಕು. ಒಳಗೆ ಅಕ್ಕ ಮುಖ ಮುಚ್ಚಿಕೊಂಡು ಕೂತದ್ದು ನನಗೆ ಕಾಣುತ್ತಿತ್ತು.

ಅಪ್ಪ ಅಂಗಳದಲ್ಲಿ ಅವರ ಎದುರು ನಿಂತು ಕೇಳಿದರು: “ಹೌದಾ, ಅಲ್ಲವಾ?”

“ಅದು… ನೋಡುವ ಅಂತ, ಮನೆಗೆ ಹೋಗಿ ಸ್ವಲ್ಪ…”

“ಹೌದಾ, ಅಲ್ಲವಾ?”

ಹೆಡ್‌ಮಾಸ್ಟರ ಜೀವಮಾನದಲ್ಲಿ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವರು ಹೆಂಡತಿಯನ್ನು ನೋಡಿದರು, ಡ್ರೈವರನನ್ನು ನೋಡಿದರು, ಆಕಾಶ ನೋಡಿದರು. ಇಲ್ಲ ಎನ್ನಲೆಂದೇ ಕಾರ್ಕಳದಿಂದ ಬಂದಿದ್ದ ಮನುಷ್ಯ. ಆದರೆ ಒಬ್ಬರ ಮನೆಯ ಚಹಾ ಕುಡಿದು, ಅವರ ಅಂಗಳದಲ್ಲಿ ನಿಂತು, ಮುಖಕ್ಕೆ ಮುಖ ಕೊಟ್ಟು ಇಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಬೆವರು ಒರೆಸಿಕೊಂಡು, “ಹೌದು” ಎಂದುಬಿಟ್ಟರು. ಹುಡುಗ ಓಮ್ನಿಯ ಬಾಗಿಲು ಹಿಡಿದುಕೊಂಡು ಮಂಗನ ಹಾಗೆ ನಕ್ಕ.

ಹೀಗೆ ಮದುವೆ ನಿಶ್ಚಯವಾಯಿತು. ಅಕ್ಕ ಮಾತ್ರ ಕರಗಲಿಲ್ಲ. “ಅವರಿಗೆ ವಾಕ್ಯ ದೊಡ್ಡದು, ನಾನಲ್ಲ” ಎಂದು ನನ್ನ ಹತ್ತಿರ ಹೇಳಿದಳು. ಅವಳ ಮಾತಿನಲ್ಲಿ ಹುರುಳಿತ್ತು. ಬಚ್ಚಲಿನ ಪೈಪಿಗೂ ಜಾಗವಿದ್ದ ಅಪ್ಪನ ಪ್ರಾರ್ಥನೆಯಲ್ಲಿ ಅಕ್ಕನ ಮದುವೆಯ ಸುದ್ದಿ ಒಂದು ದಿನವೂ ಬರಲಿಲ್ಲ.

ಮದುವೆಯ ದಿನ ಇಗರ್ಜಿ ತುಂಬಿತ್ತು. ಅಪ್ಪ ತಾವೇ ಹೊಲಿದ ಕಪ್ಪು ಕೋಟು ಹಾಕಿದ್ದರು, ಅವರ ತೋಳು ಹಿಡಿದುಕೊಂಡು ಬಂದ ಅಕ್ಕ ಮುಖ ಗಂಟು ಹಾಕಿಕೊಂಡೇ ಇದ್ದಳು. ನಮ್ಮ ಪಾದ್ರಿಗಳಿಗೆ ಪುಸ್ತಕದಲ್ಲಿರುವುದರ ಜತೆ ತಮ್ಮದೊಂದು ಒಗ್ಗರಣೆ ಹಾಕುವ ಅಭ್ಯಾಸ. ಅವರು ಅಪ್ಪನತ್ತ ತಿರುಗಿ ನಗುನಗುತ್ತ, “ನಿಮ್ಮ ಮಗಳನ್ನು ಈ ಗಂಡಿಗೆ ಸಂತೋಷದಿಂದ ಒಪ್ಪಿಸಿಕೊಡುತ್ತೀರಾ?” ಎಂದು ಕೇಳಿದರು.

ಅಪ್ಪ, “ಇಲ್ಲ” ಎಂದರು.

ಮುಂದಿನ ಬೆಂಚಿನಲ್ಲಿ ಹೆಡ್‌ಮಾಸ್ಟರು ಅರ್ಧ ಎದ್ದು ನಿಂತರು, ಅವರ ಮುಖದಲ್ಲಿ ಒಂದು ಸಣ್ಣ ಆಸೆ ಕಂಡಿತೆಂದು ನಾನು ಇಂದಿಗೂ ಆಣೆ ಮಾಡಿ ಹೇಳಬಲ್ಲೆ. ಭಾವನಾಗಬೇಕಾದವನ ಬಣ್ಣ ಹೋಯಿತು.

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, “ಒಪ್ಪಿಸಿಕೊಡುವುದಂತೂ ಹೌದಲ್ಲ?” ಎಂದರು.

“ಹೌದು.”

“ಮತ್ತೆ… ಸಂತೋಷದಿಂದ?”

ಅಪ್ಪ ಅಕ್ಕನ ಕಡೆ ನೋಡಿದರು. “ಅಲ್ಲ” ಎಂದರು. ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು.

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಅಕ್ಕ, ಇದೇ ಮದುವೆ ಬೇಕೆಂದು ಹಟ ಹಿಡಿದಿದ್ದ ಅಕ್ಕ, ಅಷ್ಟು ಜನರೆದುರು ಗಟ್ಟಿಯಾಗಿ ಅತ್ತಳು. ಅಪ್ಪನ ಕೋಟಿನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡವಳು ಬಿಡಲಿಲ್ಲ. ಪಾದ್ರಿಗಳು ಪುಸ್ತಕ ಮುಚ್ಚಿ ಕಾದರು. ಕೊನೆಗೆ ಅಮ್ಮ ಎದ್ದು ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.